ಮೇಜಿನ ಮೇಲೆ ಇಲ್ಲದಿದ್ದ ಕೆಂಪು ತುಂಡು

ಶಿವಪುತ್ರ, ಆ ಕೆಂಪು ಮರದ ತುಂಡು ಅಂದು ಮೇಜಿನ ಮೇಲೆ ಇರಲಿಲ್ಲ. ಇತ್ತು ಎಂದು ಹೇಳಿದವನು ನಾನು. ನೀನು ನನ್ನ ಮಾತನ್ನು ನಂಬಿದೆ, ನಿನ್ನ ಕಣ್ಣನ್ನು ನಂಬುವುದನ್ನು ಅಂದೇ ಬಿಟ್ಟೆ.

ನಿನ್ನೊಬ್ಬನನ್ನೇ ಬದಿಗೆ ಕರೆದು ಇದನ್ನು ಹೇಳಿ ಮುಗಿಸಬಹುದಿತ್ತು. ಆದರೆ ಸುಳ್ಳನ್ನು ನಾಲ್ಕು ಜನರೆದುರು ಹೇಳಿ, ಸತ್ಯವನ್ನು ಕಿವಿಯಲ್ಲಿ ಉಸುರುವುದು ಇನ್ನೊಂದು ಬಗೆಯ ಮೋಸ. ಆದ್ದರಿಂದ ಅಚ್ಚಿಗೆ ಕೊಡುತ್ತಿದ್ದೇನೆ. ಓದುವವರಿಗೆ ನಮ್ಮಿಬ್ಬರ ಪರಿಚಯವಿಲ್ಲ, ಹೇಳುತ್ತೇನೆ.

ನಾನು ಇಂಡಿ ತಾಲೂಕಿನ ಅಗರಖೇಡದವನು. ವಾಯುಪಡೆ ಸೇರಿ, ಊರಿನಿಂದ ಬಹುದೂರದ ಒಂದು ವಾಯುನೆಲೆಯ ಗೋಪುರದಲ್ಲಿ, ವಿಮಾನಗಳಿಗೆ ಏರಲು ಇಳಿಯಲು ಅಪ್ಪಣೆ ಕೊಡುತ್ತ ಆಯುಷ್ಯದ ಬಹುಭಾಗ ಕಳೆದವನು. ನೀನು ನಾಲತವಾಡದವನು; ತೊಂಬತ್ತರ ದಶಕದಲ್ಲಿ ನನ್ನ ಕೈಕೆಳಗೆ ಆ ಕೆಲಸ ಕಲಿಯಲು ಬಂದವನು. ತರಗತಿಯ ಪಾಠ ಮುಗಿದ ಮೇಲೂ ಗೋಪುರದಲ್ಲಿ ಕೂತು ಕಲಿಯುವ ಉಮೇದವಾರಿ ತಪ್ಪುವುದಿಲ್ಲ. ಕಲಿಯುವವನು ಮೈಕಿನ ಮುಂದೆ ಕೂರುತ್ತಾನೆ, ಕಲಿಸುವವನು ಅವನ ಮಗ್ಗುಲಿಗೆ. ಮಾತು ಕಲಿಯುವವನದು, ಹೊಣೆ ಕಲಿಸುವವನದು. ಹೊಣೆ ನನ್ನದಾಗಿತ್ತು — ಮುಂದಿನದನ್ನು ಓದುವಾಗ ಇದನ್ನು ಯಾರೂ ಮರೆಯಬಾರದು.

ಮೊದಲ ದಿನ ಮೆಟ್ಟಿಲೇರಿ ಬಂದ ನೀನು ನನ್ನ ಊರಿನ ಹೆಸರು ಕೇಳಿದ್ದೇ ತಡ, ಮುಖವೆಲ್ಲ ನಗೆಯಾದೆ.

"ಹಂಗಾರ ನೀವು ನಮ್ಮ ಕಡೇವ್ರ ಆದ್ರಿ! ಕಾಕಾ ಅಂದ್ರ ನಡೀತೈತೇನ್ರಿ?"

"ನಡಿಯಂಗಿಲ್ಲ. ಇಲ್ಲಿ ಕಾಕಾ ಮಾಮಾ ಯಾರೂ ಇಲ್ಲ. ಸರ ಅನ್ನು."

"ಆತ್ರಿ ಸರ," ಎಂದೆ ನೀನು. ನಗೆ ಮಾತ್ರ ಹಾಗೇ ಇತ್ತು. ಅದು ನನಗೆ ಹಿಡಿಸಲಿಲ್ಲ.

ನನ್ನ ಸ್ವಭಾವವನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನನಗಾದ ಅವಮಾನಗಳಲ್ಲಿ ಒಂದನ್ನೂ ನಾನು ಮರೆತವನಲ್ಲ. ಬಸವನ ಬಾಗೇವಾಡಿಯ ಬೀಗರು ತಮ್ಮ ಮಗಳ ಮದುವೆಯಲ್ಲಿ ನನ್ನನ್ನು ಕೊನೆಯ ಪಂಕ್ತಿಗೆ ಕೂರಿಸಿದ್ದು ಯಾರು ಯಾರು ಎದ್ದ ಮೇಲೆ ಎಂಬುದು ಸಹ ನನಗೆ ನೆನಪಿದೆ. ಅಂಥ ನೆನಪಿನಲ್ಲಿ ನೀನೂ ಬಹಳ ಬೇಗ ಜಾಗ ಪಡೆದೆ.

ಒಂದು ದಿನ ಚಹಾದ ಹೊತ್ತಿನಲ್ಲಿ ನೀನು ಗಾಜಿನಾಚೆ ನೋಡುತ್ತ ಹೇಳಿದೆ: "ಸರ, ನಮ್ಮ ಜ್ವಾಳದ ಹೊಲದಾಗ ಮಂಚಿಕಿ ಮ್ಯಾಲ ಕುಂತು, ಕವಣಿ ಹಿಡಕೊಂಡು ಹಕ್ಕಿ ಕಾಯ್ತಿದ್ದೆ. ಇಲ್ಲೂ ಅದ ಕೆಲಸ ಬಂತ ನೋಡ್ರಿ. ಪಗಾರೊಂದು ಚಲೋ ಐತಿ."

ಅಲ್ಲಿದ್ದ ತರುಣ ಅಧಿಕಾರಿ ಏನೆಂದು ಕೇಳಿದ. ನೀನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಎಲ್ಲರೂ ನಕ್ಕರು. ನನ್ನ ಜೀವಮಾನದ ವಿದ್ಯೆಗೆ ನೀನು ಹಕ್ಕಿ ಕಾಯುವುದೆಂದು ಹೆಸರಿಟ್ಟಿದ್ದೆ. ನಿನ್ನ ಮನಸ್ಸಿನಲ್ಲಿ ಕೇಡಿರಲಿಲ್ಲ — ಆ ಕೆಲಸವನ್ನು ನೀನು ಪ್ರೀತಿಸತೊಡಗಿದ್ದೆ, ಅದನ್ನು ನಿನ್ನ ಹೊಲದ ಪಕ್ಕಕ್ಕೆ ಇಟ್ಟು ನೋಡುತ್ತಿದ್ದೆ, ಅಷ್ಟೇ. ಇದು ಈಗ ತಿಳಿಯುತ್ತದೆ. ಅಂದೂ ತಿಳಿದಿತ್ತೆಂದು ತೋರುತ್ತದೆ. ತಿಳಿದೂ...

ಇನ್ನೊಂದು ದಿನ, ಇಳಿಯುವ ವಿಮಾನಕ್ಕೆ ಗಾಳಿ ಇಂಥ ದಿಕ್ಕಿನದೆಂದು ಹೇಳು ಎಂದು ನಾನು ನಿನಗೆ ಸೂಚಿಸಿದೆ. ನೀನು ಹೊರಗಿನ ಗಾಳಿಚೀಲವನ್ನು ನೋಡಿ ಮೆಲ್ಲನೆ ಅಂದೆ: "ಸರ, ಗಾಳಿ ತಿರಗೇತ್ರಿ. ಚೀಲ ಆ ಕಡಿ ಹಾರಾಕತ್ತೈತಿ ನೋಡ್ರಿ." ನಿನ್ನ ಮಾತು ಸರಿಯಾಗಿತ್ತು. ಗುರುವಿಗಿಂತ ಶಿಷ್ಯನ ಕಣ್ಣು ಚುರುಕು ಎಂದು ಅದೇ ಅಧಿಕಾರಿ ನಕ್ಕ. ಅವನ ನಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆ ಮಾತು ಬೇರೆ. ಆದರೆ ಅವನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ಇಳಿಸಿಟ್ಟೆ, ಏಕೆಂದರೆ ಅವನು ಅಧಿಕಾರಿ, ನೀನು ಕೈಗೆ ಸಿಗುವವನು.

ಇನ್ನು ಆ ತುಂಡಿನ ವಿಷಯ. ವಿಮಾನ ಇಳಿಯುವ ರನ್‌ವೇ ಮೇಲೆ ಯಾವುದೇ ಗಾಡಿ ಹೋಗುವುದಿದ್ದರೆ, ಅದಕ್ಕೆ ಅಪ್ಪಣೆ ಕೊಟ್ಟವನು ಕೆಂಪು ಬಣ್ಣದ ಮರದ ತುಂಡೊಂದನ್ನು ಮೈಕಿನ ಮುಂದೆ ಇಡಬೇಕು. ತುಂಡು ಅಲ್ಲಿರುವವರೆಗೆ ಯಾವ ವಿಮಾನಕ್ಕೂ ಇಳಿ ಎನ್ನುವಂತಿಲ್ಲ. ಗಾಡಿ ಆಚೆ ದಾಟಿದ ಮೇಲೆ ಇಟ್ಟವನೇ ತೆಗೆಯಬೇಕು. ಮನುಷ್ಯ ಮರೆಯುತ್ತಾನೆ, ಮರದ ತುಂಡು ಮರೆಯುವುದಿಲ್ಲ — ನಿನಗೆ ಕಲಿಸಿದ ಮೊದಲ ಪಾಠ ಇದೇ. ಕಲಿಸಿದವನು ನಾನೇ.

ಮಳೆಗಾಲ ಕಳೆದು ರನ್‌ವೇ ಬದಿಯ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಬೆಳಗಿನಿಂದ ಟ್ರ್ಯಾಕ್ಟರೊಂದು ಅದನ್ನು ಕತ್ತರಿಸುತ್ತಿತ್ತು. ನೀನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದಿದ್ದೆ. ನಮ್ಮೊಡನೆ ಇರುತ್ತಿದ್ದ ಮೂರನೆಯವನು ಚಹಾಕ್ಕೆ ಕೆಳಗಿಳಿದಿದ್ದ. ನಾನು ಟೆಲಿಫೋನಿನಲ್ಲಿ ಜಗಳವಾಡುತ್ತಿದ್ದೆ.

ಯಾವುದಕ್ಕೆ ಜಗಳ? ಕುರ್ಚಿಗೆ. ಹಿಂದಿನ ಸಂಜೆಯ ಸಮಾರಂಭದಲ್ಲಿ ನನಗೆ ಎರಡನೆಯ ಸಾಲಿನ ಕುರ್ಚಿ ಕೊಟ್ಟಿದ್ದರು. ನನಗಿಂತ ಕಿರಿಯನೊಬ್ಬನನ್ನು ಮೊದಲ ಸಾಲಿಗೆ ಕರೆದಿದ್ದರು. ಕುರ್ಚಿ ಹಾಕಿಸಿದವನನ್ನು ಫೋನಿನಲ್ಲಿ ಹಿಡಿದು, ಅದು ಯಾರ ತೀರ್ಮಾನವೆಂದು ಕೇಳುತ್ತಿದ್ದೆ. ಆ ನಡುವೆ ಟ್ರ್ಯಾಕ್ಟರಿನವನು ವೈರ್‌ಲೆಸ್ಸಿನಲ್ಲಿ, ಆಚೆ ಬದಿಗೆ ದಾಟಬಹುದೇ ಎಂದು ಕೇಳಿದ. ವಿಮಾನ ಇನ್ನೂ ದೂರವಿತ್ತು. ಒಂದು ಕಿವಿಯಲ್ಲಿ ಫೋನ್ ಹಾಗೇ ಇಟ್ಟುಕೊಂಡು, ದಾಟು ಎಂದೆ. ಹೆಡ್‌ಫೋನ್ ಹಾಕಿದ್ದ ನಿನಗೆ ಅದು ಕೇಳಿಸಲಿಲ್ಲ. ಮರಳಿ ಕುರ್ಚಿಯ ಮಾತಿಗೆ ಬಂದೆ. ಕೈಯಳತೆಯಲ್ಲಿದ್ದ ತುಂಡನ್ನು ಎತ್ತಿ ಇಡಲಿಲ್ಲ.

ಯಾವ ಅವಮಾನವನ್ನೂ ಮರೆಯದವನು ಅದನ್ನು ಮರೆತೆ.

ನೀನು ಮಾಡಬೇಕಾದದ್ದನ್ನೆಲ್ಲ ಮಾಡಿದೆ, ಶಿವಪುತ್ರ. ಮೇಜು ನೋಡಿದೆ: ತುಂಡಿರಲಿಲ್ಲ. ಅರ್ಧ ಎದ್ದು ರನ್‌ವೇಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ: ಟ್ರ್ಯಾಕ್ಟರ್ ಇನ್ನೂ ಹುಲ್ಲಿನಲ್ಲೇ ತಿರುಗಿಕೊಳ್ಳುತ್ತಿತ್ತು. ವಿಮಾನಕ್ಕೆ ಇಳಿಯಲು ಅಪ್ಪಣೆ ಕೊಟ್ಟೆ. ಅಪ್ಪಣೆ ಕೊಟ್ಟ ಮೇಲೂ ಹೊರಗಿನಿಂದ ಕಣ್ಣು ತೆಗೆಯಲಿಲ್ಲ — ಹಕ್ಕಿ ಕಾಯುವವನ ಅಭ್ಯಾಸವೋ ಏನೋ. ಟ್ರ್ಯಾಕ್ಟರಿನ ಮುಂದಿನ ಗಾಲಿ ರನ್‌ವೇ ಅಂಚನ್ನು ಏರಿದ್ದೇ ತಡ, ಇಳಿಯಬೇಡಿ, ಮೇಲೇರಿ ಎಂಬ ಆಜ್ಞೆಯನ್ನು ಎರಡು ಸಲ ಹೇಳಿದೆ. ನಿನ್ನ ದನಿ ನಡುಗಲಿಲ್ಲ. ವಿಮಾನ ಅಬ್ಬರಿಸುತ್ತ ಟ್ರ್ಯಾಕ್ಟರಿನ ನೆತ್ತಿಯ ಮೇಲಿಂದ ಎದ್ದು ಹೋಯಿತು. ಚಾಲಕ ಹಾರಿ ಹುಲ್ಲಿನಲ್ಲಿ ಬೋರಲು ಬಿದ್ದಿದ್ದ. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದಂತೆ ನೋಡಿಕೊಂಡವನು ನೀನು.

ನೀನು ಗಾಜಿಗೆ ಹಣೆ ಹಚ್ಚಿ ವಿಮಾನದ ಹಿಂದೆಯೇ ನೋಡುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು. ಆಗ ನನ್ನ ಕೈ — ಕೈ ಎನ್ನುವುದು ಬೇಡ, ನಾನು — ಫೋನ್ ಕೆಳಗಿಟ್ಟು, ಕೆಂಪು ತುಂಡನ್ನು ತೆಗೆದು ಮೈಕಿನ ಮುಂದೆ ಇಟ್ಟೆ. ಸದ್ದಾಗದಂತೆ ಇಟ್ಟೆ. ಅವಸರದಲ್ಲಿ ಆದ ಮರೆವಿಗೆ ಕ್ಷಮೆ ಇರಬಹುದು. ಸದ್ದಾಗದಂತೆ ಇಟ್ಟದ್ದಕ್ಕೆ ಇಲ್ಲ.

ಹಿರಿಯ ಅಧಿಕಾರಿ ಏದುಸಿರು ಬಿಡುತ್ತ ಮೇಲೆ ಬಂದರು. ಅವರ ಹಿಂದೆ ಇನ್ನಿಬ್ಬರು. ಅವರ ಕಣ್ಣು ಮೊದಲು ಹೋದದ್ದು ಮೇಜಿಗೆ. ತುಂಡು ಆಗಲೂ ಇಲ್ಲಿತ್ತೇ ಎಂದು ಕೇಳಿದರು.

"ಇತ್ತು. ಇವನು ನೋಡಲಿಲ್ಲ," ಎಂದೆ.

ನೀನು ತಿರುಗಿದೆ. ತುಂಡನ್ನು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ನೀನು ಪ್ರತಿಭಟಿಸುವೆ ಎಂದುಕೊಂಡಿದ್ದೆ, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ನಿನ್ನ ಬಾಯಿಂದ ಬಂದದ್ದು ಬೇರೆಯೇ, ಅದೂ ನಮ್ಮ ಮಾತಿನಲ್ಲಿ, ನನಗಷ್ಟೇ ಹೇಳಿದಂತೆ:

"ಇದ್ದಿರಬೇಕ್ರಿ ಸರ... ನನಗ ಕಾಣಲಿಲ್ಲಲ್ರಿ. ಕಣ್ಣ ಮುಂದ ಇತ್ತು, ಕಾಣಲಿಲ್ಲ."

ನಾನು ಸುಳ್ಳು ಹೇಳಬಹುದೆಂಬ ವಿಚಾರವೇ ನಿನಗೆ ಬರಲಿಲ್ಲ. ಅಷ್ಟು ಗೌರವವನ್ನು ನನಗೆ ಬೇರೆ ಯಾರೂ ಕೊಟ್ಟಿರಲಿಲ್ಲ. ಜೀವನವಿಡೀ ನಾನು ಬೇಡಿದ್ದು ಅದನ್ನೇ.

ಕಲಿಯುವವನ ಮೇಲೆ ಸಾಕಷ್ಟು ಗಮನವಿಡಲಿಲ್ಲವೆಂದು ನನಗೊಂದು ಎಚ್ಚರಿಕೆ ಬಂತು. ಅದಕ್ಕೂ ನಾನು ಸಿಟ್ಟಾದೆ ಎಂದರೆ ನಂಬುತ್ತೀಯಾ? ನಿನ್ನನ್ನು ಗೋಪುರದ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ವಿಚಾರಣೆಯಲ್ಲಿ ನಾನು, ಹುಡುಗ ಒಳ್ಳೆಯವನು, ಕಠಿಣ ಶಿಕ್ಷೆ ಬೇಡ ಎಂದೆ. ಆ ದಯೆ ನನ್ನ ಸುಳ್ಳಿಗೆ ಹೊದಿಸಿದ ಶಾಲು. ಹೊರಡುವ ಮುನ್ನ ನೀನು ಬಂದು ನನ್ನ ಕಾಲು ಮುಟ್ಟಿದೆ. ಮುಟ್ಟಿಸಿಕೊಂಡೆ.

ವರ್ಷಗಳು ಕಳೆದವು. ನಿವೃತ್ತನಾಗಿ ಇಂಡಿಯಲ್ಲಿ ಮನೆ ಮಾಡಿದೆ. ನೀನೂ ಸೇವೆ ಬಿಟ್ಟು ಊರಿಗೆ ಬಂದು, ನಾಲತವಾಡದ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿರುವೆ ಎಂದು ಯಾರೋ ಹೇಳಿದ್ದರು. ನಾನು ನೋಡಲು ಬರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ, ಮುದ್ದೇಬಿಹಾಳದಲ್ಲಿ ನೆಂಟರ ಮನೆಯ ಗೃಹಪ್ರವೇಶ ಮುಗಿಸಿ ಸಿಂದಗಿ ಬಸ್ಸಿಗಾಗಿ ನಿಲ್ದಾಣದಲ್ಲಿ ನಿಂತಿದ್ದೆ. ಸ್ಕೂಟರೊಂದು ಬಂದು ನಿಂತಿತು. ಓಡಿಸುತ್ತಿದ್ದವಳು ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸು. ಹಿಂದೆ ಚೀಲ ಅವುಚಿಕೊಂಡು ಕೂತವನು ನೀನು. ಕಟ್ಟೆಯ ಮೇಲಿದ್ದ ಪಡ್ಡೆಗಳಲ್ಲಿ ಒಬ್ಬ ಕೂಗಿದ: "ಯಣ್ಣಾ, ಗಟ್ಟಿ ಹಿಡಕೋಪಾ, ಬಿದ್ದಿ!"

ನೀನು ಅದನ್ನು ಕಿವಿಗೆ ಹಾಕಿಕೊಳ್ಳದೆ ನನ್ನ ಬಳಿ ಓಡಿ ಬಂದೆ. "ಕಾಕಾ! ಈಗರ ಕಾಕಾ ಅನ್ನಬಹುದಲ್ರಿ?"

ಹೂಂ ಎಂದೆ.

"ಇವರ ಏನ್ರಿ ನಿಮಗ ಇಮಾನ ಇಳಸೂದ ಕಲಿಸಿದವ್ರು?" ಎಂದು ನಿನ್ನ ಹೆಂಡತಿ ನಕ್ಕಳು. "ನೋಡ್ರಿ ಯಜಮಾನ್ರ, ಇಮಾನ ಇಳಿಸಿ ಬಂದವ್ರು ಸ್ಕೂಟರ್ ಮಾತ್ರ ಮುಟ್ಟಂಗಿಲ್ಲ. ಊರ ಮಂದಿ ನಗ್ತೈತಿ. ಅಂಗಡಿ ಕೀಲಿ ಹಾಕಿದ್ರೂ ನಾ ಒಮ್ಮಿ ಜಗ್ಗಿ ನೋಡಬೇಕ್ರಿ ಇವರಿಗೆ."

"ಆಕಿಗೆ ಗೊತ್ತಿಲ್ರಿ ಕಾಕಾ," ಎಂದೆ ನೀನು, ನಗುತ್ತಲೇ. "ನನ್ನ ಕಣ್ಣ ನನಗ ನಂಬಿಗಿ ಇಲ್ಲ. ಮುಂದಿದ್ದದ್ದ ಕಾಣಂಗಿಲ್ಲ. ಗಾಡಿ ಹೊಡದು ಯಾರದರ ಕೂಸು ಅಡ್ಡ ಬಂದ್ರ? ಅವತ್ತ ನೀವು ನನ್ನ ಪರ ಮಾತಾಡಿ ಉಳಿಸಿದ್ರಿ. ದಿನಾ ನೆನಸ್ತೇನ್ರಿ."

ಆ ಕ್ಷಣ ಹೇಳಬೇಕಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಬಸ್ಸು ಒಳಗೆ ಬಂತು. ನೀನು ಅದರ ಕಡೆ ತಿರುಗಿದೆ.

"ಸಿಂದಗಿ ಗಾಡಿ ಬಂತ ಕಾಣ್ತೈತ್ರಿ ಕಾಕಾ... ಏ, ನೀ ಒಮ್ಮಿ ಬೋರ್ಡ್ ನೋಡ."

ಆಕೆ ಕತ್ತೆತ್ತಿ ನೋಡಿದಳು. "ಸಿಂದಗೀನ ಐತ್ರಿ."

ಗಾಳಿ ತಿರುಗಿದ್ದನ್ನು ನನಗಿಂತ ಮೊದಲು ಕಂಡವನು, ಅಂಗೈಯಗಲದ ಅಕ್ಷರಗಳ ಬೋರ್ಡಿಗೆ ನೀನು ಇನ್ನೊಬ್ಬರ ಕಣ್ಣಿನ ಸಾಕ್ಷಿ ಕೇಳಿದೆ. ನಾನು ಬಸ್ಸು ಹತ್ತಿದೆ. ನೀನು ಕಿಟಕಿಯ ಬಳಿ ನಿಂತು ಕೈ ಮುಗಿದೆ. ನಾನೂ ಮುಗಿದೆ. ಸಿಂದಗಿಯಲ್ಲಿ ಇಳಿದು ಇಂಡಿಯ ಬಸ್ಸು ಹಿಡಿಯಬೇಕಿತ್ತು. ಒಂದು ಬಿಟ್ಟೆ, ಇನ್ನೊಂದೂ ಹೋಯಿತು. ನಾನು ಬೆಂಚಿನ ಮೇಲೇ ಕೂತಿದ್ದೆ.

ನಿನ್ನ ಕೆಲಸವನ್ನು ಮಾತ್ರ ಕಸಿದೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಕೆಲಸ ಹೋದವರು ಬೇರೆ ಕೆಲಸ ನೋಡಿಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿಕೊಂಡಿದ್ದೆ. ಆದರೆ ನೀನು ಇಷ್ಟು ವರ್ಷ ಕೀಲಿಯ ಮುಂದೆ, ರಸ್ತೆಯ ಮುಂದೆ, ಪ್ರತಿಯೊಂದರ ಮುಂದೆ ನಿಂತು, ಇದು ಇದೆಯೋ ಇಲ್ಲವೋ ಎಂದು... ನನಗೆ ದಣಿವಾಗಿದೆ, ಶಿವಪುತ್ರ. ಎಲ್ಲರ ತಪ್ಪನ್ನೂ ನೆನಪಿನಲ್ಲಿ ಹೊತ್ತು ತಿರುಗಿದ ದಣಿವು. ಇಳಿಸಿ ನೋಡಿದರೆ ಅದರಲ್ಲಿ ಅತಿ ಭಾರವಾದದ್ದು ನನ್ನದೇ.

ಆ ಭೇಟಿಯ ಮೇಲೂ ಸುಮ್ಮನಿದ್ದೆ. ಅದು ಎರಡನೆಯ ತಪ್ಪು. ಮೊದಲನೆಯದಕ್ಕಿಂತ ಚಿಕ್ಕದೇನಲ್ಲ.

ಈ ಬರಹ ಅಚ್ಚಾಗುವುದನ್ನು ಕಾಯುವುದಿಲ್ಲ. ಇಂಡಿಯಿಂದ ಸಿಂದಗಿ, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ನಾಲತವಾಡ — ಈ ವಾರವೇ ಬರುತ್ತೇನೆ. ಸಂತೆಯ ದಿನ, ಅಂಗಡಿಯಲ್ಲಿ ಗಿರಾಕಿಗಳಿರುವಾಗ ಬರುತ್ತೇನೆ. ನಿನ್ನ ಹೆಂಡತಿಯೂ ಇರಬೇಕು. ಇಷ್ಟು ವರ್ಷ ನಿನಗಾಗಿ ಕೀಲಿ ಜಗ್ಗಿ ನೋಡಿದವಳು ಆಕೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನನಗೆ ಗೊತ್ತು. ನೀನು ಬೈದರೆ, ಅಂಗಡಿಯಿಂದ ಇಳಿಸಿದರೆ, ಅದನ್ನು ಅವಮಾನಗಳ ಜೊತೆಗೆ ಎಣಿಸುವುದಿಲ್ಲ.

ಅಲ್ಲಿ ಹೇಳುವುದು ಇಷ್ಟೇ: ತುಂಡು ಇರಲಿಲ್ಲ. ನಿನಗೆ ಕಾಣದೆ ಹೋಗಲು ಅಲ್ಲಿ ಏನೂ ಇರಲಿಲ್ಲ. ಇದ್ದದ್ದು ಟ್ರ್ಯಾಕ್ಟರ್ ಮಾತ್ರ. ಅದನ್ನು ನೀನು ಕಂಡೆ.