ತಾಕತ್ತಿನ ಗುಳಿಗೆ

ನನ್ನ ತಂಗಿ ಕಸ್ತೂರಿಯ ನೆನಪನ್ನು ಹಾಳು ಮಾಡಿದವಳು ನಾನು. ಅವಳ ಹಣೆಬರಹವಲ್ಲ, ಗಂಡನ ಮನೆಯವರೂ ಅಲ್ಲ — ನಾನು, ಒಡಹುಟ್ಟಿದ ಅಕ್ಕ.

ಅಪ್ಪ ಗೌಂಡಿ ಕೆಲಸಕ್ಕೆಂದು ಬಾಗಲಕೋಟೆ ಕಡೆಯಿಂದ ನಮ್ಮನ್ನೆಲ್ಲ ಗೋವಾದ ಕೆಪೆಗೆ ಕರೆತಂದಾಗ ಮನೆಯಲ್ಲಿ ಮೊದಲು ಕೊಂಕಣಿ ಕಲಿತವಳು ಅವಳೇ. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ದಿನಗಳು. ಮಡಗಾಂವ್ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸರ ಜೊತೆ ಅವರದೇ ಧಾಟಿಯಲ್ಲಿ ಜಗಳಾಡಿ ರೇಟು ಇಳಿಸುತ್ತಿದ್ದಳು. ನನ್ನ ಕೊಂಕಣಿ ಇವತ್ತಿಗೂ ಕೈಸನ್ನೆಯಲ್ಲೇ ನಡೆಯುತ್ತದೆ. ಒಮ್ಮೆ ಕೇಳಿದ್ದನ್ನು ಅವಳು ಮರೆಯುತ್ತಿರಲಿಲ್ಲ — ನನಗೆ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ತೀರ ಸಣಕಲು. ನೋಡಲು ಬಂದವರು ಹುಡುಗಿ ಕಡ್ಡಿ ಎಂದು ಎದ್ದು ಹೋದರು. ಆಗ ನಮ್ಮ ಚಾಳಿನ ಹೆಂಗಸೊಬ್ಬಳು ದಪ್ಪ ಆಗುವ ಗುಳಿಗೆಯ ಹೆಸರು ಹೇಳಿದಳು. ಔಷಧಿ ಅಂಗಡಿಯವನು ಚೀಟಿಯನ್ನೂ ಕೇಳಲಿಲ್ಲ. ತಾಕತ್ತಿನ ಗುಳಿಗೆ ಎಂದು ಹೇಳಿ ದಿನಾ ನಾನೇ ನುಂಗಿಸಿದೆ. ಕೆನ್ನೆ ತುಂಬಿ ಮುಖ ದುಂಡಗಾಯಿತು. ಊರಿಂದ ಬಂದವರು ಗೋವಾದ ನೀರು ಹುಡುಗಿಗೆ ಒಗ್ಗಿದೆ ಎಂದು ಹೊಗಳಿದರು, ನಾನು ಬೀಗಿದೆ. ಕಲಂಗುಟ್‌ನ ಹೋಟೆಲ್ಲಿನಲ್ಲಿ ಕೆಲಸಕ್ಕಿದ್ದ ಹುಡುಗನ ಜೊತೆ ಮದುವೆಯೂ ಆಯಿತು. ಆಗಲಾದರೂ ನಿಲ್ಲಿಸಿದ್ದರೆ — ಗಂಡನಿಗೆ ಆ ಮುಖವೇ ಇಷ್ಟವಂತೆ ಎಂದು ವರ್ಷಗಟ್ಟಲೆ ಗುಳಿಗೆ ಕಳಿಸುತ್ತಲೇ ಇದ್ದೆ.

ಅವಳಿಗೆ ನಿದ್ದೆ ಬಾರದಾಯಿತು. ಸುಮ್ಮಸುಮ್ಮನೆ ಹೆದರಿಕೆ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ದಿನವೂ ಅತ್ತೆಯನ್ನು ಕೇಳತೊಡಗಿದಳು. ಕೊನೆಗೆ ಆ ಅತ್ತೆ ಅವಳನ್ನು ಕರೆತಂದು, ನಮ್ಮ ಬಾಗಿಲಲ್ಲಿ ನಿಂತು, ಇವಳಿಗೇನು ಮಾಡಿದ್ದೀರಿ ಎಂದು ಕೇಳಿದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು.

"ಏನೂ ಮಾಡಿಲ್ರಿ," ಎಂದೆ. "ಆಕಿ ಸಣ್ಣಾಕಿ ಇದ್ದಾಗಿಂದನೂ ಹಿಂಗ ಮಂದ ಅದಾಳ್ರಿ."

ಕಸ್ತೂರಿ ನನ್ನ ಮುಖ ನೋಡಿದಳು. ಅತ್ತೆ ಅವಳನ್ನು ಬಿಟ್ಟು ಹೋದಳು.

ಆಮೇಲೆ ಮಡಗಾಂವಿನ ಡಾಕ್ಟರೊಬ್ಬರಿಗೆ, ಅವಳನ್ನು ಹೊರಗೆ ಕೂರಿಸಿ, ನಿಜ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಗ್ರಂಥಿಗಳು ನಾವು ಹೆದರಿದಾಗ ಒಂದು ರಸ ಬಿಡುತ್ತವಂತೆ. ಆ ಗುಳಿಗೆಯೂ ಅದೇ ಜಾತಿಯದು. ಒಂದು ಗಳಿಗೆಯ ಮಟ್ಟಿಗೆ ಆ ರಸ ನಮ್ಮನ್ನು ಕಾಯುತ್ತದೆ. ವರ್ಷಗಟ್ಟಲೆ ಮೈಯಲ್ಲಿ ಉಳಿದರೆ ಮಿದುಳಿನಲ್ಲಿ ನೆನಪು ಕೂಡಿಡುವ ಜಾಗದ ಜೀವಕೋಶಗಳು ತಮ್ಮ ಕವಲುಗಳನ್ನು ಕುಗ್ಗಿಸಿಕೊಳ್ಳುತ್ತವೆ, ಹಳೆಯ ಕೊಂಡಿಗಳನ್ನು ಕಳಚಿಕೊಳ್ಳುತ್ತವೆ, ಹೊಸ ಕೊಂಡಿ ಹಾಕಿಕೊಳ್ಳಲಾರವು. ಕಲಿಯುವುದೆಂದರೆ ಆ ಕೊಂಡಿಯೇ ಅಂತೆ. ಬೇಗ ಬಿಟ್ಟಿದ್ದರೆ ಮತ್ತೆ ಚಿಗುರುತ್ತಿದ್ದವೇನೋ, ಈಗ ಹೇಳಲಾರೆ ಎಂದರು.

ಅವರು ಹೇಳಿದಂತೆ ಗುಳಿಗೆಯನ್ನು ನಿಧಾನವಾಗಿ ಇಳಿಸುತ್ತ ಬಿಡಿಸಿದೆ. ಹಳೆಯ ಮುಖ ಬಂತು. ಕೊಂಕಣಿ ಬರಲಿಲ್ಲ. ಮಾರ್ಕೆಟ್ಟಿನಲ್ಲಿ ಈಗ ಅವಳು ನನ್ನ ಸೆರಗು ಹಿಡಿದು ನಿಲ್ಲುತ್ತಾಳೆ, ನಾನು ಕೈಸನ್ನೆ ಮಾಡುತ್ತೇನೆ.

ವರ್ಷಗಳ ಮೇಲೆ ಧೈರ್ಯ ಮಾಡಿ ಅವಳನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದೆ — ಗುಳಿಗೆ, ಅಂಗಡಿ, ನನ್ನ ಸುಳ್ಳು. ನಮ್ಮೆಲ್ಲರಿಗಿಂತ ನೀನೇ ಚುರುಕಾಗಿದ್ದೆ ಎಂದೆ. ಅವಳು ನನ್ನ ಕಣ್ಣು ಒರೆಸಿದಳು.

"ಇಲ್ಲಕ್ಕಾ, ನಾ ಸಣ್ಣಾಕಿ ಇದ್ದಾಗಿಂದನೂ ಹಿಂಗ. ಅವತ್ತ ಬಾಗಲದಾಗ ನಿಂತು ನೀನ ಹೇಳಿದ್ದಿ."

ಏನೇನೋ ಮರೆತವಳು ಅದೊಂದನ್ನು ಮರೆತಿಲ್ಲ. ಅಂದಿನಿಂದ ದಿನಾ ನಿಜ ಹೇಳುತ್ತಿದ್ದೇನೆ. ಅವಳು ನಂಬುವುದಿಲ್ಲ.