ಎದುರಂಗಡಿ ಮೇಸ್ತ್ರಿ ಮತ್ತು ನನ್ನ ಲೇತ್

ಮೊನ್ನೆ ಪಲ್ಪರ್ ಕೆಲಸಕ್ಕೆಂದು ಹೋದ ಮಾರನಹಳ್ಳಿಯ ಎಸ್ಟೇಟೊಂದರಲ್ಲಿ ಸ್ಟೋರ್ ಬಾಗಿಲು ತೆಗೆದ ಕೂಡಲೇ ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ಎದುರಂಗಡಿ ಮೇಸ್ತ್ರಿಯ ಅಂಗಿಯಿಂದ ಬರುತ್ತಿದ್ದುದು ಇದೇ ವಾಸನೆ... ಇಷ್ಟು ವರ್ಷ ಕಳೆದರೂ ಮರೆತಿರಲಿಲ್ಲ.

ಸಕಲೇಶಪುರದಲ್ಲಿ ನಮ್ಮಿಬ್ಬರ ವರ್ಕ್‌ಶಾಪ್‌ಗಳು ರಸ್ತೆಯ ಆಚೆ ಈಚೆ ಇದ್ದವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗಳ ಶಾಫ್ಟ್, ಅಂದರೆ ತಿರುಗುವ ಅಚ್ಚು, ಮಾಡುವುದೇ ಇಬ್ಬರಿಗೂ ಮುಖ್ಯ ಕೆಲಸ. ನಾನು ಐಟಿಐ ಓದಿದವನು, ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿಕೊಂಡವನು. ಅವರು ಮಗ್ಗೆ ಕಡೆಯಿಂದ ಬಂದು, ನೋಡಿ ನೋಡಿಯೇ ಕಲಿತವರು. ಕಬ್ಬಿಣವನ್ನು ತಿರುಗಿಸಿ ಕಡೆಯುವ ನನ್ನ ಲೇತ್ ಹಳೆಯದಾದರೂ ಉದ್ದನೆಯದು; ಅವರದು ಗಿಡ್ಡ. ಆದರೂ ಎಸ್ಟೇಟ್ ಜೀಪುಗಳು ಮೊದಲು ನಿಲ್ಲುತ್ತಿದ್ದುದು ಅವರ ಬಾಗಿಲಲ್ಲಿ. ನಾನು ಇತ್ತ ಕೂತು ಅದನ್ನೇ ನೋಡುತ್ತಿದ್ದೆ.

ಒಂದು ವರ್ಷ ಹಣ್ಣು ಕೊಯ್ಲಿನ ಕಾಲಕ್ಕೇ ನನ್ನ ಲೇತ್ ಕೈಕೊಟ್ಟಿತು. ಲೇತಿನ ಹಿಡಿತವಾದ ಚಕ್‌ನಲ್ಲಿ ಕಚ್ಚಿಸಿದ ಶಾಫ್ಟ್ ನೆಟ್ಟಗೆ ತಿರುಗದೆ ತುದಿಯಲ್ಲಿ ಒಲೆಯುತ್ತಿತ್ತು. ಚಕ್ ಅನ್ನು ತಿರುಗಿಸುವ ಸ್ಪಿಂಡಲ್‌ನ ಬೇರಿಂಗ್ ಸವೆದಿರಬೇಕೆಂದು ಹೊಸದು ಹಾಕಿದೆ. ಒಲೆದಾಟ ಹೋಗಲಿಲ್ಲ. ಹೊಂಗಡಹಳ್ಳದ ಎಸ್ಟೇಟಿನ ಲೆಕ್ಕ ನೋಡುವ ರೈಟರ್ ತಂದ, ಮೇಸ್ತ್ರಿಯ ಗಿಡ್ಡ ಲೇತಿಗೆ ಹಿಡಿಯದ ಉದ್ದನೆಯ ಶಾಫ್ಟ್ ನನ್ನಲ್ಲೇ ಬಿದ್ದಿತ್ತು. ಕಾದು ಸಾಕಾಗಿ ಅವರು ನನ್ನನ್ನು ಕೇಳದೆಯೇ ಮೇಸ್ತ್ರಿಯನ್ನು ಕರೆತಂದರು.

ಮೇಸ್ತ್ರಿ ಚಕ್ ಬಿಚ್ಚಿಸಿ, ಬರಿಯ ಸ್ಪಿಂಡಲ್‌ಗೆ ಸಣ್ಣ ಒಲೆದಾಟವನ್ನೂ ತೋರಿಸುವ ನನ್ನದೇ ಡಯಲ್ ಗೇಜ್ ತಾಗಿಸಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿದರು. ಮುಳ್ಳು ಅಲುಗಲಿಲ್ಲ. ಸ್ಪಿಂಡಲ್ ನೆಟ್ಟಗೇ ಇತ್ತು. ಆಮೇಲೆ ಚಕ್ ಬಂದು ಒರಗುವ ಅಂಚಿನ ಸುತ್ತ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಕಬ್ಬಿಣ ಕೂದಲೆಳೆಯಷ್ಟು ಉಬ್ಬಿತ್ತು. ಅದರ ಮೇಲೆ ಕೂತ ಚಕ್ ಓರೆಯಾಗಿತ್ತು. ಹಿಂದಿನ ತಿಂಗಳು ಬಿಗಿದುಕೊಂಡಿದ್ದ ಚಕ್ ಬಿಡಿಸಲು ಸಿಟ್ಟಿನಲ್ಲಿ ಉಳಿ ಇಟ್ಟು ಬಡಿದಿದ್ದವನು ನಾನೇ. ಮೇಸ್ತ್ರಿ ಆ ಗುರುತು ನೋಡಿದರು, ನನ್ನ ಮುಖವನ್ನೂ ನೋಡಿದರು.

“ಏನಾಗಿತ್ತು?” ಎಂದರು ರೈಟರ್.

“ಹಳೇ ಮಿಷಿನ್ನು ಕಣ್ರೀ, ವಯಸ್ಸಾಗೈತೆ. ಇವನ್ದೇನೂ ತಪ್ಪಿಲ್ಲ,” ಎಂದು ಮೇಸ್ತ್ರಿ ಸಾಣೆಕಲ್ಲಿನಿಂದ ಉಬ್ಬನ್ನು ತೀಡತೊಡಗಿದರು.

ನನ್ನ ಮಾನ ಉಳಿಸಿದ್ದರು. ಅದನ್ನೇ ನನಗೆ ಸಹಿಸಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ...

ಮುಂದಿನ ವರ್ಷ ಅದೇ ರೈಟರ್ ಬಂದು, “ಉದ್ದನೇದ್ ಬಿಟ್ಟು ಈ ಸಲದ ಕೆಲಸ ಎಲ್ಲಾ ಮೇಸ್ತ್ರಿಗೇ ಕೊಡಾಣ ಅಂತಿದೀನಿ, ಹೆಂಗೆ?” ಎಂದು ನನ್ನನ್ನೇ ಕೇಳಿದರು. “ಕೊಡಿ. ಅವ್ರ ಕಣ್ಣು ಮಂಜಾಗೈತೆ ಅಂತಾರಪ್ಪ, ನೋಡ್ಕಳಿ,” ಎಂದುಬಿಟ್ಟೆ. ಅಂಥದ್ದೇನೂ ಇರಲಿಲ್ಲ. ಮಾತು ಎಸ್ಟೇಟಿನಿಂದ ಎಸ್ಟೇಟಿಗೆ ಹೋಯಿತು. ಜೀಪುಗಳು ರಸ್ತೆಯ ಈಚೆ ನಿಲ್ಲತೊಡಗಿದವು.

ಒಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು ನಿಂತರು. “ಯಾರೋ ನನ್ ಕಣ್ಣು ಹೋಗೈತೆ ಅಂತ ಹಬ್ಬಿಸ್ಬುಟ್ಟವ್ರೆ. ನನ್ ಕೆಲಸ ನೀನು ಕಣ್ಣಾರೆ ನೋಡಿದೀಯಲ್ಲ. ನೀನಾದ್ರೂ ನಾಕ್ ಜನಕ್ಕೆ ಹೇಳು ಮಾರಾಯ.”

“ಹೇಳ್ತೀನಿ,” ಎಂದೆ. ಯಾರಿಗೂ ಹೇಳಲಿಲ್ಲ. ವರ್ಷ ಕಳೆಯುವುದರೊಳಗೆ ಅವರು ಅಂಗಡಿ ಮುಚ್ಚಿ ಊರಿಗೆ ಹೋದರು.

ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿದು ಮಗ್ಗೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು, “ನಿಮ್ಮನ್ನ ಯಾವಾಗ್ಲೂ ನೆನೀತಿದ್ರು ಕಣಣ್ಣ,” ಎಂದರು. “ಅವನೊಬ್ಬ ನನ್ ಪರವಾಗಿ ಎಲ್ಲಾ ಕಡೆ ಹೇಳ್ದ, ಆದ್ರೂ ಕೆಲಸ ಬರ್ಲಿಲ್ಲ ಅಂತಿದ್ರು.” ನಿಜ ಹೇಳಲು ಬಾಯಿ ತೆರೆದೆ. ಹೊರಟದ್ದು, “ಒಳ್ಳೆಯವ್ರು,” ಎಂಬ ಒಂದೇ ಮಾತು.

ಮೊನ್ನೆ ಕೆಲಸ ಮುಗಿದಾಗ ಮಾರನಹಳ್ಳಿಯ ರೈಟರ್ ಶಾಫ್ಟನ್ನು ತಿರುಗಿಸಿ ನೋಡಿ ಮೆಚ್ಚಿದರು. “ನಿಮ್ಮಂಥ ಕೆಲಸಗಾರ ಈ ಕಡೆ ಇನ್ನೊಬ್ಬ ಇಲ್ಲ ಕಣ್ರೀ.” ಇಂಥ ಮಾತಿಗಾಗಿ ನಾನು ಎಷ್ಟು ವರ್ಷ ಹಾತೊರೆದಿದ್ದೆ...

“ಇದ್ರು ಸಾರ್, ಒಬ್ರಿದ್ರು,” ಎಂದೆ.

ಯಾರು ಎಂದು ಅವರು ಕೇಳಲಿಲ್ಲ.