ನೀರು ನಿಂತರೆ ನಿಲ್ಲಬೇಕು

ನಮ್ಮವರು ಕಿಟಕಿ ತೊಳೆಯುತ್ತಾರೆ. ಏಣಿ ಹತ್ತುವುದಿಲ್ಲ, ನೆಲದ ಮೇಲೇ ನಿಂತು, ಮೂರನೇ ಮಹಡಿಯವರೆಗೂ ಚಾಚುವ ಕೋಲು ಹಿಡಿದು ತೊಳೆಯುತ್ತಾರೆ. ಕೋಲಿನ ತುದಿಗೆ ಬ್ರಷ್, ಬ್ರಷ್ಷಿಗೆ ಸಣ್ಣ ಪೈಪು, ಪೈಪಿನ ಇನ್ನೊಂದು ತುದಿ ನಮ್ಮ ಗಾಡಿಯ ಟ್ಯಾಂಕಿಗೆ. ಟ್ಯಾಂಕಿನ ನೀರು ಸೋಸಿ ಉಪ್ಪಿನಂಶವೆಲ್ಲ ತೆಗೆದದ್ದು, ಗಾಜಿನ ಮೇಲೆ ಹಾಗೇ ಒಣಗಿದರೂ ಕಲೆ ಉಳಿಯುವುದಿಲ್ಲ. ಇದು ಗೊತ್ತಿದ್ದೂ ಈ ಮನುಷ್ಯನಿಗೆ ಒಂದು ಹನಿ ಕಂಡರೂ ಸಮಾಧಾನವಿಲ್ಲ. ಮನೆಯಲ್ಲಿ ಕುಡಿದ ಲೋಟ ಎಲ್ಲೆಂದರಲ್ಲಿ ಬಿಡುವವರು, ಊರವರ ಗಾಜಿನ ಮುಂದೆ ಮಾತ್ರ ಕತ್ತೆತ್ತಿ ನಿಂತೇ ಇರುತ್ತಾರೆ.

"ಉಜ್ಜೋದು ಯಾರಿಗಾದ್ರೂ ಬರುತ್ತೆ, ಜಾಲಿಸೋದು ಕಲೀಬೇಕು" ಎನ್ನುವುದು ಅವರ ದೊಡ್ಡಸ್ತಿಕೆ. ಮೊದಲು ಮೇಲಿನ ಚೌಕಟ್ಟಿಗೆ ನೀರು ಬಿಟ್ಟು, ಅಲ್ಲಿಯ ಕೊಳೆ ತೊಟ್ಟಿಕ್ಕಿ ಮುಗಿಯುವವರೆಗೆ ಕಾಯಬೇಕು. ಇಲ್ಲದಿದ್ದರೆ ನಾವು ಬೆನ್ನು ತಿರುಗಿಸಿದ ಮೇಲೆ ಗಾಜಿನ ಮೇಲೆ ಮಣ್ಣುಗೆರೆ ಇಳಿಯುತ್ತದೆ. ಆಮೇಲೆ ಗಾಜು. ಕೆಲವು ಗಾಜಿನ ಮೇಲೆ ನೀರು ಹಾಳೆಯ ಹಾಗೆ ಜಾರಿಹೋಗುತ್ತದೆ. ಅಂಥವು ನಮ್ಮನ್ನು ಬೇಗ ಮನೆಗೆ ಕಳಿಸುತ್ತವೆ. ಇನ್ನು ಕೆಲವು ನೀರನ್ನು ಹನಿಹನಿಯಾಗಿ ಹಿಡಿದುಕೊಂಡು ಬಿಡುವುದೇ ಇಲ್ಲ. ಅಲ್ಲಿ ಬ್ರಷ್ಷನ್ನು ಗಾಜಿನಿಂದ ಎತ್ತಿ, ಬರೀ ನೀರನ್ನು ಆ ಕಡೆ ಈ ಕಡೆ ಆಡಿಸುತ್ತ ಹನಿಗಳನ್ನು ಕೆಳಕ್ಕೆ ಓಡಿಸಬೇಕು. ಬ್ರಷ್ ಎತ್ತಬೇಕೆಂದರೆ ಕೋಲು ಹಿಂದಕ್ಕೆ ವಾಲಬೇಕು. ವಾಲಿದ ಕೋಲಿನ ಜೊತೆ ಮನುಷ್ಯನೂ ಹಿಂದಕ್ಕೆ ಹೆಜ್ಜೆ ಇಡುತ್ತಾನೆ, ಕಣ್ಣು ಮೇಲಿಟ್ಟುಕೊಂಡು. ನನಗೆ ಭಯ ಅದೇ ಹೆಜ್ಜೆಯದು.

ಕೂಗಿ ಎಚ್ಚರಿಸೋಣವೆಂದರೆ, ಇವರು ಹಿಂದೆ ಕಾರ್ಖಾನೆಯಲ್ಲಿದ್ದು ಅರ್ಧ ಕಿವಿಯನ್ನು ಅಲ್ಲೇ ಬಿಟ್ಟು ಬಂದವರು. ಏನು ಹೇಳಿದರೂ ಮೊದಲು "ಏನು?" ಎನ್ನುತ್ತಾರೆ. ಅದಕ್ಕೇ ನಾವಿಬ್ಬರೂ ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು. ಪೈಪು ನನ್ನ ಕೈಯಲ್ಲಿರುತ್ತದೆ. ಹಿಂದಿನಿಂದ ಏನಾದರೂ ಬಂದರೆ ನಾನು ಅದನ್ನು ಮಡಚಿ ಹಿಡಿಯುತ್ತೇನೆ, ಮೇಲೆ ನೀರು ನಿಲ್ಲುತ್ತದೆ. ನೀರು ನಿಂತರೆ ಅವರು ನಿಂತ ಹಾಗೇ ನಿಲ್ಲಬೇಕು. ಎಷ್ಟೋ ವರ್ಷ ಇದು ಚೆನ್ನಾಗಿಯೇ ನಡೆಯಿತು.

ಈ ವರ್ಷ ಭುಜ ನೋವೆಂದು ಹಳೆಯ ಕೋಲನ್ನು ಅಟ್ಟಕ್ಕೆ ಹಾಕಿ ಹಗುರಾದ ಕಾರ್ಬನ್ ಕೋಲು ತಂದರು. "ಇದ್ರಲ್ಲಿ ಕರೆಂಟ್ ಹರಿಯುತ್ತೆ, ತಂತಿ ಹತ್ರ ಹುಷಾರು" ಎಂದು ಅಂಗಡಿಯವನು ಹೇಳಿದ್ದ. "ನಂಗೇನು ಕಣ್ಣಿಲ್ವಾ?" ಎಂದಿದ್ದರು. ಕೋಲಿನ ಜೊತೆ ಹೊಸ ಪೈಪೂ ಬಂತು. ಹಾಳಾದ್ದು, ಬಿರುಸು. ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಆಗಾಗ ನೀರು ನಿಲ್ಲಿಸುತ್ತಿತ್ತು. ಮೊದಮೊದಲು ಇವರು ಗೊಂಬೆಯ ಹಾಗೆ ನಿಲ್ಲುತ್ತಿದ್ದರು. ಬರಬರುತ್ತ ನೀರು ನಿಂತರೆ ಸಾಕು, ಗೊಣಗಿಕೊಂಡು ಕೋಲನ್ನು ಹಿಂದಕ್ಕೆ ಎಳೆದು ಬ್ರಷ್ ಕೊಡವಲು ಶುರುಮಾಡಿದರು.

ಆವತ್ತು ಬೆಳಿಗ್ಗೆ ಒಂದು ಕ್ಲಿನಿಕ್ಕಿನ ಮುಂದೆ, ಇವರ ಬೆನ್ನ ಹಿಂದೆ ಒಂದು ಕಾರು ರಿವರ್ಸ್ ಬರುತ್ತಿತ್ತು. ನಾನು ಪೈಪು ಮಡಚಿದೆ. ಇವರು ನಿಲ್ಲಲಿಲ್ಲ. ಕೋಲು ಎಳೆದುಕೊಂಡು ನೇರ ಕಾರಿನ ಕಡೆಗೇ ಹಿಂದೆ ಹಿಂದೆ ಬಂದರು. ಕಾರಿನವನು ಬ್ರೇಕ್ ಹಾಕಿದ್ದಕ್ಕೆ ಉಳಿದರು.

"ನೀರು ನಿಂತ್ರೆ ನಿಲ್ಬೇಕು ಅಂತ ತಾನೆ ಮಾತು?" ಚಹಾ ಕುಡಿಯುವಾಗ ಕೇಳಿದೆ.

"ಪೈಪು ಮಡಚ್ಕೊಂಡಿದೆ ಅಂದ್ಕೊಂಡೆ ಕಣೇ."

"ನಾನೇ ಹಿಡಿದಿದ್ದು."

"ಏನು?"

"ನಾನೇ ಹಿಡಿದಿದ್ದು!"

"ಸರಿ ಬಿಡು, ಕಾರು ನಿಂತ್ತಲ್ಲ."

ಅವರಿಗೆ ಅದು ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ, ಏಕೆಂದರೆ ಮಧ್ಯಾಹ್ನ ಟೈಲರಮ್ಮನ ಮನೆಯ ಕಿಟಕಿ ತೊಳೆಯಲು ಹೋಗುವುದಿತ್ತು. ಇಕ್ಕಟ್ಟಾದ ಗಲ್ಲಿ, ನಿಂತವರ ಬೆನ್ನ ಹಿಂದೆಯೇ ಮೇಲೆ ಕರೆಂಟ್ ತಂತಿ. ಗಲ್ಲಿಯ ನಡುವೆ ಚರಂಡಿಯ ಮುಚ್ಚಳವಿದೆ. ಅದನ್ನು ದಾಟಿ ಹಿಂದೆ ಹೋಗಬಾರದೆಂದು ಗುರುತು ಇಟ್ಟುಕೊಂಡಿದ್ದೆವು.

"ಆ ಮನೆ ಇವತ್ತು ಬೇಡ ರೀ."

"ಒಪ್ಕೊಂಡಾಗಿದೆ. ನೀನೊಬ್ಬಳು, ಎಲ್ಲದಕ್ಕೂ ಹೆದರ್ತೀಯ."

ಹೋಗಿ ನೋಡಿದರೆ ಟೈಲರಮ್ಮ ಮೇಲಿನ ಕಿಟಕಿಗೆ ಹೊಸ ಗಾಜು ಹಾಕಿಸಿದ್ದಳು. ನೀರು ಬಿದ್ದದ್ದೇ ತಡ, ಗಾಜಿನ ತುಂಬ ಹನಿಗಳು ಮೊಳೆ ಹೊಡೆದ ಹಾಗೆ ಕೂತುಬಿಟ್ಟವು. ಇವರಿಗೆ ಹಟ ಬಂತು. ಬ್ರಷ್ ಎತ್ತಿದರು. ಕೋಲು ವಾಲಿತು. ಒಂದು ಹೆಜ್ಜೆ ಹಿಂದೆ, ಇನ್ನೊಂದು. ಹಿಮ್ಮಡಿ ಮುಚ್ಚಳ ದಾಟಿತು. ತಲೆ ಎತ್ತಿದೆ. ಬ್ರಷ್ಷಿಗೂ ತಂತಿಗೂ ನಡುವೆ ತುಂಡು ಆಕಾಶ ಮಾತ್ರ ಉಳಿದಿತ್ತು.

ನನ್ನ ಹೆಬ್ಬೆರಳು ಪೈಪನ್ನು ಮಡಚಲು ಹೋಗಿ ಅರ್ಧಕ್ಕೇ ನಿಂತಿತು. ನೀರು ನಿಲ್ಲಿಸಿದರೆ ಈ ಮನುಷ್ಯ ಕೋಲನ್ನು ಹಿಂದಕ್ಕೆ ಎಳೆಯುತ್ತಾನೆ. ನಿಲ್ಲಿಸದಿದ್ದರೆ ಇನ್ನೊಂದು ಹನಿಗಾಗಿ ಹೇಗೂ ಹಿಂದೆ ಹೋಗುತ್ತಾನೆ. ಕೂಗಿದರೂ ಕೇಳುವ ಕಿವಿಯಲ್ಲ. ಪೈಪು ಎಸೆದು ಓಡಿದೆ. ಅವರ ಕೈಗಿಂತ ಮೇಲೆ ಕೋಲನ್ನು ಹಿಡಿದು, ಮೈಭಾರವೆಲ್ಲ ಹಾಕಿ ಗೋಡೆಯ ಕಡೆಗೆ ಜಗ್ಗಿದೆ. ತಂತಿ ತಗುಲಿದರೆ ನಾನೂ ಹೋಗುತ್ತೇನೆಂದು ಹೊಳೆದದ್ದು ಹಿಡಿದ ಮೇಲೆ.

ಬ್ರಷ್ ಧಡ್ ಎಂದು ಗಾಜಿಗೆ ಬಡಿಯಿತು. ಇಬ್ಬರ ತಲೆಯ ಮೇಲೂ ನೀರು ಸುರಿಯಿತು.

"ಹುಚ್ಚು ಹಿಡೀತೇನೇ ನಿಂಗೆ?" ಎಂದು ಬಾಯಿ ತೆರೆದವರು ನನ್ನ ಕಣ್ಣು ಹೋದ ಕಡೆ ನೋಡಿದರು. ತಂತಿ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ಒಂದು ಕಾಲು ಇನ್ನೂ ಮುಚ್ಚಳದ ಆಚೆಯೇ ಇತ್ತು.

ಹೋಗಿ ನೀರು ಬಂದ್ ಮಾಡಿದರು. ಕೋಲು ಗಿಡ್ಡ ಮಾಡಲು ಅದರ ಕ್ಲಿಪ್ಪುಗಳನ್ನು ನಾನೇ ಬಿಚ್ಚಬೇಕಾಯಿತು. ಟೈಲರಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು.

"ಅಣ್ಣಾ, ಗಾಜಿನ ತುಂಬ ಹನಿ ಹಾಗೇ ಇದೆಯಲ್ಲ?"

"ಇರ್ಲಿ ಬಿಡಮ್ಮ. ಒಣಗುತ್ತೆ."

ಮದುವೆಯಾದಾಗಿನಿಂದ ಈ ಬಾಯಿಂದ ಆ ಮಾತು ಕೇಳಿರಲಿಲ್ಲ. ತಿರುಗಿಯೂ ನೋಡದೆ ಗಾಡಿ ಹತ್ತಿದರು. ಬೀಗದ ಕೈ ತಿರುಗಿಸಲಿಲ್ಲ.

"ನೀನ್ಯಾಕೆ ನೀರು ನಿಲ್ಲಿಸ್ಲಿಲ್ಲ?"

ಕೂಗುವ ತ್ರಾಣ ನನಗಿರಲಿಲ್ಲ. ಮೆಲ್ಲಗೆ ಹೇಳಿದೆ: "ನಿಲ್ಲಿಸಿದ್ರೆ ನೀವು ಹಿಂದೆ ಬರ್ತಿದ್ರಿ."

ಈ ಸಲ ಅವರು "ಏನು?" ಎನ್ನಲಿಲ್ಲ.